ಆ ಕೋಣೆಯಲ್ಲಿ ಕೆಲಸ ಮಾಡದ ಹೆಂಗಸರು

ಫೆಬ್ರವರಿ ೪

ಮಗಳಿಗೆ ಅಮ್ಮನ ಆಶೀರ್ವಾದ.

ಫೋನಿನಲ್ಲಾದರೆ ನೀನೂ ನಾನೂ ಮೂರನೆಯ ಮಾತಿಗೆ ಜಗಳಕ್ಕೆ ಬೀಳುತ್ತೇವೆ, ಅದಕ್ಕೇ ಕಾಗದ. ಇದರಲ್ಲಿ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ, ಪಟ್ಟನೆ ಇಟ್ಟುಬಿಡುವ ಹಾಗೂ ಇಲ್ಲ. ಅಪ್ಪ ಹೋದ ದಿನ ನೀನು ದೇವರ ಬಗ್ಗೆ ಆಡಿದ ಮಾತನ್ನು ನಾನು ಇಲ್ಲಿ ಎತ್ತುವುದಿಲ್ಲ.

ಸಂತೋಷದ ಸುದ್ದಿ ಇದೆ. ನಮ್ಮ ಆಸ್ಪತ್ರೆಯ ಗ್ಯಾಸ್ ಕೋಣೆ ನಿನಗೆ ಗೊತ್ತಲ್ಲ, ಕುದಿಸಿದರೆ ಹಾಳಾಗುವ ಪ್ಲಾಸ್ಟಿಕ್ ನಳಿಗೆಗಳನ್ನೆಲ್ಲ ದೊಡ್ಡ ಪೆಟ್ಟಿಗೆಯಲ್ಲಿಟ್ಟು ಗ್ಯಾಸ್ ಬಿಟ್ಟು ಕ್ರಿಮಿ ಸಾಯಿಸುವ ಜಾಗ. ಪೆಟ್ಟಿಗೆಯ ಬಾಗಿಲು ತೆಗೆದು ಸಾಮಾನು ಈಚೆಗೆ ಇಡುವವರು ನಾವು ಮೂವರು. ಹೋದ ವರ್ಷ ದೊಡ್ಡ ಡಾಕ್ಟರಿಗೆ ಆ ಗ್ಯಾಸಿನ ಮೇಲೆ ಅದೇನು ಅನುಮಾನ ಬಂತೋ, ನಮ್ಮ ರಕ್ತ ತೆಗೆಸಿ ಯೂನಿವರ್ಸಿಟಿಯ ಲ್ಯಾಬಿಗೆ ಕಳಿಸಿದ್ದರು. ರಕ್ತದ ಕಣದೊಳಗೆ ಏನೋ ತುಂಡಾಗಿದೆ, ಕಣಗಳಿಗೆ ಬಾಲ ಬಂದಿದೆ ಅಂತ ವರದಿ ಬಂತು. ನನ್ನದು ಮೂವತ್ತೊಂದು. ಮೂವತ್ತೊಂದು ಏನು, ಸೇರೋ ಮೊಳವೋ ಯಾರೂ ಹೇಳಲಿಲ್ಲ. ಮುಖ ನೋಡಿದರೆ ಒಳ್ಳೆಯದಲ್ಲ ಅಂತ ಗೊತ್ತಾಗುತ್ತಿತ್ತು. ಅವತ್ತಿನಿಂದ ಇಡೀ ವಿಭಾಗಕ್ಕೆ ನಾವು 'ಬಾಲದಮ್ಮಂದಿರು'.

ಆಮೇಲೆ ಗೋಡೆ ಒಡೆದು ಹೊಸ ಫ್ಯಾನು ಕೂರಿಸಿದರು. ನಾನೂ ನನ್ನ ಕೈಲಾದದ್ದು ಮಾಡಿದೆ. ದಿನಕ್ಕೆ ಒಂದೇ ಹೊತ್ತು ಊಟ ಅಂತ ದೇವರ ಮುಂದೆ ಹೇಳಿಕೊಂಡೆ, ನಡೆಸಿಯೂ ನಡೆಸಿದೆ. ಮೊನ್ನೆ ಎರಡನೆಯ ಸಲದ ವರದಿ ಬಂತು. ಹನ್ನೊಂದು! ಮೂವರದೂ ಹಾಗೇ ಇಳಿದಿದೆ. ನಮ್ಮ ಇನ್‌ಚಾರ್ಜ್ ಸಿಸ್ಟರ್ ಕಾಗದ ಬೀಸಿಕೊಂಡು ಬಂದು, "ನೋಡ್ರಮ್ಮ, ಎಲ್ಲರ ಬಾಲಾನೂ ಕತ್ತರಿಸಿದ್ದೀವಿ. ಇನ್ನು ಯಾರೂ ಬಾಲ ಬಿಚ್ಚಂಗಿಲ್ಲ" ಅಂದರು. ನಕ್ಕು ನಕ್ಕು ಸಾಕಾಯಿತು. ವರದಿಯ ನೆತ್ತಿಯ ಮೇಲೆ ನೀನು ಕೆಲಸ ಮಾಡುವ ಲ್ಯಾಬಿನ ಹೆಸರು ನೋಡಿ ನನಗೆ ಎದೆ ತುಂಬಿಬಂತು. ಎಲ್ಲರಿಗೂ ತೋರಿಸಿದೆ. ನನ್ನ ರಕ್ತ ನೋಡಿದವಳು ನೀನೇನಾ?

ಇನ್ನೊಂದು. ನನ್ನ ಸೊಂಟ ಇನ್ನು ಬಾಗುವುದಿಲ್ಲ ಅಂತ ಹೇಳಿ ಬಟ್ಟೆ ಮಡಚುವ ಟೇಬಲ್ಲಿಗೆ ಹಾಕಿಸಿಕೊಂಡಿದ್ದೇನೆ. ಗ್ಯಾಸ್ ಕೋಣೆಯ ನನ್ನ ಜಾಗಕ್ಕೆ ನಿನ್ನ ಅತ್ತಿಗೆ ಬರುತ್ತಾಳೆ. ಮನೆಯಲ್ಲಿ ಕೂತು ಕೂತು ಗೋಡೆ ನೋಡುತ್ತಿದ್ದಳು ಪಾಪ. ನಾನೇ ಸಿಸ್ಟರ್ ಹತ್ತಿರ ಹೇಳಿ ಕೊಡಿಸಿದೆ. ದೇವರು ಕಣ್ಣು ಬಿಟ್ಟ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ


ಫೆಬ್ರವರಿ ೧೫

ಅಮ್ಮನಿಗೆ,

ನಿನ್ನ ರಕ್ತ ನೋಡಿದವಳು ನಾನೇ ಇರಬೇಕು. ಖಂಡಿತ ಹೇಳಲಾರೆ. ನಮ್ಮಲ್ಲಿ ರಕ್ತ ಇಟ್ಟು ನೋಡುವ ಗಾಜಿನ ಮೇಲೆ ಹೆಸರು ಬರೆಯುವುದಿಲ್ಲ, ಬರೀ ಒಂದು ಗುರುತು. ಯಾರದೆಂದು ಗೊತ್ತಾದರೆ ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ ಅಂತ.

ಅಮ್ಮ, ಅತ್ತಿಗೆಯನ್ನು ಈಗಲೇ ಒಳಗೆ ಕಳಿಸಬೇಡ. ಯಾಕೆಂದು ಬರೆಯುತ್ತೇನೆ, ಪೂರ್ತಿ ಓದು.

ಒಂದು ಹನಿ ರಕ್ತದ ಕಣಗಳನ್ನು ಅಂಟಿನಂಥ ಜೆಲ್ಲಿನಲ್ಲಿ ಕೂರಿಸಿ, ಕಣದ ಗೋಡೆ ಕರಗಿಸಿ, ಕರೆಂಟು ಹಾಯಿಸುತ್ತೇವೆ. ಒಳಗಿನ ಡಿಎನ್‌ಎ ಗಟ್ಟಿಯಾಗಿದ್ದರೆ ಉಂಡೆಯ ಹಾಗೆ ಕೂತಲ್ಲೇ ಕೂರುತ್ತದೆ. ತುಂಡಾಗಿದ್ದರೆ ಚೂರುಗಳು ಒಂದು ಕಡೆಗೆ ಎಳೆದುಕೊಂಡು ಹೋಗುತ್ತವೆ. ಅದೇ ಬಾಲ. ಆದರೆ ಕರೆಂಟು ಜಾಸ್ತಿ ಹೊತ್ತು ಬಿಟ್ಟರೆ ಬಾಲ ಉದ್ದ, ಕಮ್ಮಿ ಹೊತ್ತು ಬಿಟ್ಟರೆ ಗಿಡ್ಡ. ಒಂದೊಂದು ಲ್ಯಾಬಿನದು ಒಂದೊಂದು ಪದ್ಧತಿ. ಹಿಂದೆ ಒಬ್ಬನೇ ಮನುಷ್ಯನ ರಕ್ತವನ್ನು ಹಂಚಿ ಹಲವು ಲ್ಯಾಬುಗಳಿಗೆ ಕಳಿಸಿದ್ದರು. ಯೂನಿವರ್ಸಿಟಿಯವರಿಗೆ ಬಂದದ್ದು ನಮಗೆ ಬಂದದ್ದರ ಮೂರರಷ್ಟು. ಅವರೂ ಸುಳ್ಳು ಹೇಳಿಲ್ಲ, ನಾವೂ ಹೇಳಿಲ್ಲ. ಅವತ್ತಿನಿಂದ ನಮ್ಮ ಲ್ಯಾಬಿಗೆ 'ಮೋಟುಬಾಲ' ಅಂತ ಅಡ್ಡಹೆಸರು ಬಿದ್ದಿದೆ.

ನಿನ್ನ ಮೂವತ್ತೊಂದು ಅಲ್ಲಿಯದು, ಹನ್ನೊಂದು ಇಲ್ಲಿಯದು. ಇಳಿದದ್ದು ನಿನ್ನ ಬಾಲವೋ, ಬದಲಾದದ್ದು ಅಳತೆಯೋ, ಯಾರಿಗೂ ಗೊತ್ತಿಲ್ಲ. ಫ್ಯಾನು ಕೆಲಸ ಮಾಡಿರಲೂಬಹುದು. ನಾನು ಕೆಟ್ಟದಾಗಿದೆ ಅನ್ನುತ್ತಿಲ್ಲ, ಗೊತ್ತಿಲ್ಲ ಅನ್ನುತ್ತಿದ್ದೇನೆ. ಎರಡಕ್ಕೂ ವ್ಯತ್ಯಾಸವಿದೆ.

ಮಗಳು


ಮಾರ್ಚ್ ೯

ಮಗಳಿಗೆ,

ನಿನ್ನ ಕಾಗದ ಮೂರು ಸಲ ಓದಿದೆ. ಮೂರು ಸಲವೂ ಹೊಟ್ಟೆ ಉರಿಯಿತು.

ನಿನಗೆ ನನ್ನ ದೇವರು ಬೇಡ, ಆಯಿತು. ಈಗ ನಿನ್ನ ಲ್ಯಾಬೂ ಬೇಡವಾಯಿತೇನು? ನೀನೇ ಕೂತು ನೋಡಿದ ಬಾಲ, ನೀನೇ ಬರೆದ ಹನ್ನೊಂದು. ಅದನ್ನು ನಂಬಬೇಡ ಅಂತ ನೀನೇ ಹೇಳಿದರೆ ನಾನು ಇನ್ಯಾರನ್ನು ನಂಬಲಿ? ಅಮ್ಮನ ಉಪವಾಸಕ್ಕೆ ಫಲ ಬಂತು ಅಂದರೆ ನಿನಗೆ ಆಗಿಬರುವುದಿಲ್ಲ, ಅಷ್ಟೇ ಇದರ ಒಳಗುಟ್ಟು. ನಾನು ಪ್ರಾರ್ಥನೆಯ ದಿನ ಎಲ್ಲರ ಮುಂದೆ ಎದ್ದು ನಿಂತು, ದೇವರು ನನ್ನ ರಕ್ತ ತೊಳೆದ ಅಂತ ಹೇಳಿದ್ದೇನೆ. ಹೆಂಗಸರು ಕಣ್ಣೀರು ಹಾಕಿದರು. ಈಗ ಹೋಗಿ ಏನು ಹೇಳಲಿ? ಕರೆಂಟು ಕಮ್ಮಿ ಹೊತ್ತು ಬಿಟ್ಟಿದ್ದರಂತೆ ಅಂತಲೇ?

ಅತ್ತಿಗೆ ಕೆಲಸಕ್ಕೆ ಸೇರಿ ಆಯಿತು. ಎಷ್ಟು ಖುಷಿಯಾಗಿದ್ದಾಳೆ ಅಂದರೆ ನೋಡಿಯೇ ತಿಳಿಯಬೇಕು. ಊಟದ ಹೊತ್ತಿಗೆ ನನ್ನ ಟೇಬಲ್ಲಿಗೆ ಬರುತ್ತಾಳೆ. "ಅತ್ತೆ, ಫ್ಯಾನು ಎಷ್ಟು ಜೋರಾಗಿ ಕೂಗುತ್ತೆ ಗೊತ್ತಾ? ಪಕ್ಕದಲ್ಲಿ ನಿಂತು ಬೈದ್ರೂ ಕೇಳ್ಸಲ್ಲ. ಸೊಸೆಯಂದಿರಿಗೆ ಅಂತಾನೇ ಕಟ್ಸಿರೋ ಕೋಣೆ" ಅಂದಳು. ಟೇಬಲ್ಲಿನ ಹೆಂಗಸರೆಲ್ಲ ನನ್ನ ಮುಖ ನೋಡಿ ನಕ್ಕರು. ನಾನು, "ಬೈಗುಳ ಸಂಜೆವರೆಗೂ ಹಳಸಲ್ಲ ಕಣೇ, ಮನೇಲಿ ಕೊಡ್ತೀನಿ" ಅಂದೆ.

ಹೀಗೆ ನಗುವ ಹುಡುಗಿಯನ್ನು ನಿನ್ನ 'ಗೊತ್ತಿಲ್ಲ'ಕ್ಕಾಗಿ ಮನೆಗೆ ಕಳಿಸಲೇ? ನಿನ್ನ ಮಾತು ನಿಜವೇ ಆಗಿದ್ದರೆ ನಿಮ್ಮ ಲ್ಯಾಬಿನವರು ಆಸ್ಪತ್ರೆಗೆ ಒಂದು ಸಾಲು ಬರೆದು ಮೊಹರು ಒತ್ತಿ ಕಳಿಸಲಿ. ಅಮ್ಮನಿಗೆ ಬರೆಯುವುದು ಸುಲಭ.

ಅಮ್ಮ


ಏಪ್ರಿಲ್ ೨

ಅಮ್ಮನಿಗೆ,

ನಮ್ಮ ಲ್ಯಾಬಿನ ಯಜಮಾನರ ಹತ್ತಿರ ಮಾತಾಡಿದೆ. ನಾವು ಅವರಿಗೆ ಸರ್ ಅನ್ನುತ್ತೇವೆ. ನಿಂತುಕೊಂಡೇ ಕೇಳಿಸಿಕೊಂಡರು.

"ಅವ್ರು ಕೇಳಿದ್ದು ಈ ರಕ್ತ ಎಷ್ಟು ಅಂತ. ಹೇಳಿದ್ದೀವಿ. ಅದನ್ನ ಯಾವುದರ ಪಕ್ಕ ಇಟ್ಟು ನೋಡ್ತಾರೋ ಅದು ಅವ್ರ ತಲೆನೋವು" ಅಂದರು. "ನಮ್ಮ ಲೆಕ್ಕ ತಪ್ಪಿದೆಯಾ? ಇಲ್ವಲ್ಲ. ಮತ್ತೆ ನಾವ್ಯಾಕೆ ಬರೀಬೇಕು?"

ಲೆಕ್ಕ ತಪ್ಪಿಲ್ಲ ಅನ್ನುವುದು ನಿಜ. ಯೂನಿವರ್ಸಿಟಿಯವರು ಮೊದಲ ಸಲ ನಿಮ್ಮ ರಕ್ತದ ಜೊತೆ ಆಫೀಸಿನ ಗುಮಾಸ್ತರ ರಕ್ತವನ್ನೂ ತರಿಸಿಕೊಂಡಿದ್ದರಂತೆ, ಪಕ್ಕಪಕ್ಕ ಇಟ್ಟು ನೋಡುವುದಕ್ಕೆ. ನಮಗೆ ಆಸ್ಪತ್ರೆಯವರು ಬರೀ ನಿಮ್ಮ ಮೂವರದು ಕಳಿಸಿದರು. ನಾವೂ ಕೇಳಲಿಲ್ಲ.

ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ, ಜೂನಿನಲ್ಲಿ ಆಗಬೇಕು. ಅದಕ್ಕೆ ಮೊದಲು ನನ್ನ ಹೆಸರಿನಲ್ಲಿ ಬರೆಯುವುದು ಕಷ್ಟ. ನೀನೇ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮಾತಾಡು. ಹೊರಗಿನವರ ರಕ್ತವನ್ನೂ ಸೇರಿಸಿ ಇನ್ನೊಮ್ಮೆ ಒಂದೇ ಲ್ಯಾಬಿಗೆ ಕಳಿಸಲಿ. ನೀನು ಹೇಳಿದರೆ ಕೇಳುತ್ತಾರೆ.

ಮಗಳು


ಮೇ ೨೦

ಮಗಳಿಗೆ,

ನಿನ್ನ ಕಾಗದವನ್ನು ದೇವರ ಪಟದ ಹಿಂದೆ ಇಟ್ಟಿದ್ದೆ. ಸಿಟ್ಟಿಗೆ. ಹೋದ ವಾರ ತೆಗೆದು ಮತ್ತೆ ಓದಿದೆ.

ನಿನ್ನ ಅತ್ತಿಗೆ ಬಸುರಿ.

ಅವಳಾಗಿ ಹೇಳಲಿಲ್ಲ. ಹಿತ್ತಲ ನಲ್ಲಿಯ ಹತ್ತಿರ ಬಾಯಿ ಮುಚ್ಚಿಕೊಂಡು ನಿಂತದ್ದನ್ನು ನಾನು ನೋಡಿದೆ. ಯಾಕೆ ಬಚ್ಚಿಟ್ಟೆ ಅಂದರೆ, "ಹೇಳಿದ್ರೆ ಕೆಲಸದಿಂದ ತೆಗೀತಾರೆ ಅತ್ತೆ. ಇನ್ನೂ ಹೊಸಬಳು ನಾನು" ಅಂದಳು. ನಿನ್ನ ಅಣ್ಣನಿಗೂ ಗೊತ್ತಿರಲಿಲ್ಲ. ಅವನು ಸಂತೋಷಕ್ಕೆ ಮನೆಯ ತುಂಬ ಓಡಾಡಿದ. ನಾನು ಮಾತ್ರ ಒಲೆಯ ಮುಂದೆ ಕೂತು ತಿಂಗಳು ಲೆಕ್ಕ ಹಾಕುತ್ತಿದ್ದೆ. ಮಗು ಹೊಟ್ಟೆಗೆ ಬಂದಾಗ ಇವಳು ಆ ಪೆಟ್ಟಿಗೆಯ ಬಾಗಿಲು ತೆಗೆಯುತ್ತಿದ್ದಳು.

ನೀನು ಹೇಳಿದ ಹಾಗೆ ಸಿಸ್ಟರ್ ಹತ್ತಿರ ಹೋದೆ. ಅವರು ಕೆಟ್ಟವರಲ್ಲ. ಕೂರಿಸಿ ಟೀ ಕೊಟ್ಟರು. "ಅಮ್ಮಾ, ವರದೀಲಿ ಇಳಿದಿದೆ ಅಂತ ದೊಡ್ಡ ಡಾಕ್ಟರೇ ಸಹಿ ಹಾಕಿದ್ದಾರೆ. ಇಳಿದಿಲ್ಲ ಅಂತ ಹೇಳ್ತಿರೋದು ಯಾರು?"

"ನನ್ನ ಮಗಳು."

"ಮಗಳು ಡಾಕ್ಟರಾ?"

"ಅಲ್ಲ. ಗಾಜು ನೋಡೋಳು."

"ಆ ಲ್ಯಾಬಿನೋರು ಬರೆದು ಕಳಿಸಲಿ, ನಾಳೆನೇ ಬಾಗಿಲು ಹಾಕಿಸ್ತೀನಿ. ಬಾಯಿಮಾತಿಗೆ ಹೇಗೆ ಹಾಕಿಸ್ಲಿ?"

ನಾನು ನಿನಗೆ ಮಾರ್ಚಿನಲ್ಲಿ ಆಡಿದ ಮಾತನ್ನೇ ಅವರು ನನಗೆ ಆಡಿದರು.

ಆಮೇಲೆ ಕೇಳಿಕೊಂಡೆ. ಇವಳನ್ನು ಬಟ್ಟೆಯ ಟೇಬಲ್ಲಿಗೆ ಹಾಕಿ, ನಾನು ಒಳಗೆ ಹೋಗುತ್ತೇನೆ ಅಂದೆ. "ಸೊಂಟ?" ಅಂದರು. ವಾಸಿಯಾಯಿತು ಅಂತ ಸುಳ್ಳು ಹೇಳಿದೆ. ಒಪ್ಪಿದರು. ಸೊಸೆ ನನ್ನ ಮೇಲೆ ಮುಖ ಊದಿಸಿಕೊಂಡಿದ್ದಾಳೆ. ತಾನು ಕಲಿತ ಕೆಲಸವನ್ನು ನಾನು ಕಿತ್ತುಕೊಂಡೆ ಅಂತ ಅವಳ ಎಣಿಕೆ. ಇರಲಿ.

ನಿನ್ನ ಕೆಲಸ ಖಾಯಂ ಆಗುವುದು ಜೂನಿನಲ್ಲಿ ಅಂದೆ ಅಲ್ಲವೇ? ಅದು ಚೆನ್ನಾಗಿ ಆಗಲಿ ಅಂತಲೂ ದೇವರಿಗೆ ಹೇಳಿದ್ದೇನೆ. ನಿನಗೆ ಬೇಡವಾದರೂ ಹೇಳಿದ್ದೇನೆ.

ಅಮ್ಮ


ಜೂನ್ ೨೮

ಅಮ್ಮನಿಗೆ,

ಅತ್ತಿಗೆಯ ವಿಷಯ ಓದಿದ ಮೇಲೆ ಏನು ಬರೆಯಬೇಕೆಂದು ತಿಳಿಯದೆ ಸುಮ್ಮನಿದ್ದೆ. ಸುಮ್ಮನಿದ್ದದ್ದು ಅದೊಂದಕ್ಕೇ ಅಲ್ಲ, ನಿನಗೂ ಗೊತ್ತು. ಖಾಯಂ ಆಗುವ ಕಾಗದ ಈ ವಾರ ಕೈಗೆ ಬಂತು. ಅದರ ಮಾರನೆಯ ದಿನ ನಿಮ್ಮ ಆಸ್ಪತ್ರೆಗೆ ನನ್ನ ಹೆಸರು ಹಾಕಿಯೇ ಬರೆದೆ. ಸರ್‌ಗೂ ತೋರಿಸಿದೆ. "ಬರೀರಿ, ಈಗ ನಿಮ್ಮನ್ನ ತೆಗೆಯೋಕಂತೂ ಆಗಲ್ಲ" ಅಂದರು.

ಬರೆದದ್ದನ್ನು ನಿನಗೂ ಇಲ್ಲಿ ಇಳಿಸುತ್ತೇನೆ: 'ಎರಡು ವರದಿಗಳು ಬೇರೆ ಬೇರೆ ಪ್ರಯೋಗಾಲಯಗಳಿಂದ ಬಂದಿರುವುದರಿಂದ ಅವನ್ನು ಒಂದಕ್ಕೊಂದು ಹೋಲಿಸಲಾಗದು. ಗ್ಯಾಸ್ ಕೋಣೆಯ ಹೆಂಗಸರ ರಕ್ತದ ಜೊತೆಗೆ, ಆ ಕೋಣೆಯಲ್ಲಿ ಕೆಲಸ ಮಾಡದ ಹೆಂಗಸರ ರಕ್ತವನ್ನೂ ಒಂದೇ ದಿನ ತೆಗೆದು, ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಮಾತ್ರ ನಿಜ ತಿಳಿದೀತು.'

ನಮ್ಮಲ್ಲೂ ಬೇಡ, ಯೂನಿವರ್ಸಿಟಿಯೂ ಬೇಡ ಅಂತ ಮೂರನೆಯ ಒಂದು ಲ್ಯಾಬಿನ ವಿಳಾಸ ಕೊಟ್ಟಿದ್ದೇನೆ. ಅಲ್ಲಿಯವರು ಅಚ್ಚುಕಟ್ಟು. ಈ ಸಲ ಉತ್ತರ ಸಿಗುತ್ತದೆ, ಅಮ್ಮ. ನೀನು ಒಳಗೆ ಹೋಗುತ್ತಿರುವುದು ನನಗೆ ಇಷ್ಟವಿಲ್ಲ. ಹೇಳಿದರೆ ಕೇಳುವವಳೂ ನೀನಲ್ಲ.

ನಿನ್ನ ಮಗಳು


ಆಗಸ್ಟ್ ೩೦

ಮಗಳಿಗೆ,

ನಿನ್ನ ಕಾಗದ ಆಸ್ಪತ್ರೆಗೆ ಬಂತು. ಮೊಹರು ಇದ್ದದ್ದಕ್ಕೆ ಮರ್ಯಾದೆಯೂ ಸಿಕ್ಕಿತು. ದೊಡ್ಡ ಡಾಕ್ಟರು ಅದನ್ನು ಸಿಸ್ಟರ್ ಕೈಗೆ ಕೊಟ್ಟು ಹೀಗೇ ಮಾಡಿ ಅಂದರಂತೆ. ಹಾಗೇ ಮಾಡಿದರು.

ಒಳಗಿನವರು ಅಂತ ನಾವು ಮೂವರು ತೋಳು ಕೊಟ್ಟೆವು. ಹೊರಗಿನವರು ಬೇಕಲ್ಲ? ಆಫೀಸಿನ ಗುಮಾಸ್ತೆಯರನ್ನು ಕೇಳಿದರು. ಒಬ್ಬಳಿಗೆ ಸೂಜಿ ಕಂಡರೆ ತಲೆ ಸುತ್ತುತ್ತದಂತೆ. ಇನ್ನೊಬ್ಬಳು, "ಹೋದ್ಸಲ ಕೊಟ್ಟಿದ್ದೇ ಸಾಕು. ನಿಮ್ಮ ಬಾಲಕ್ಕೆ ನಮ್ಮ ರಕ್ತ ಯಾಕ್ರೀ?" ಅಂದಳು. ಆಗ ಸಿಸ್ಟರ್ ಬಟ್ಟೆಯ ಟೇಬಲ್ಲಿನ ಕಡೆ ತಿರುಗಿ, ನಿನ್ನ ಅತ್ತಿಗೆಯನ್ನೂ ಅವಳ ಪಕ್ಕದ ಇಬ್ಬರನ್ನೂ ಕರೆದರು.

ನಾನು ಎದ್ದು ಹೋದೆ. "ಸಿಸ್ಟರ್, ಇವಳು ಮೊನ್ನೆ ಮೊನ್ನೆವರೆಗೂ ಒಳಗೇ ಇದ್ದವಳಲ್ವಾ? ಅವರಿಬ್ಬರೂ ನನಗಿಂತ ಮೊದಲು ಅಲ್ಲೇ ವರ್ಷಗಟ್ಟಲೆ ನಿಂತವರು."

"ನಿಮ್ಮ ಮಗಳೇ ಬರೆದಿದ್ದಾಳಲ್ಲಮ್ಮ, ಓದ್ತೀನಿ ಕೇಳಿ. 'ಆ ಕೋಣೆಯಲ್ಲಿ ಕೆಲಸ ಮಾಡದ ಹೆಂಗಸರು.' ಇವ್ರು ಈಗ ಅಲ್ಲಿ ಕೆಲಸ ಮಾಡ್ತಿದ್ದಾರಾ?"

"ಇಲ್ಲ."

"ಮತ್ತೆ? ಓದಿದ ಮಗಳು ಬರೆದಿದ್ದನ್ನ ನೀವೇ ತಿದ್ದುತೀರಾ?"

ನೀನು ಬರೆದದ್ದು ಹಾಗೇ ಇರಬೇಕೇನೋ, ಅದಕ್ಕೂ ಏನೋ ಪದ್ಧತಿ ಇದ್ದೀತು ಅಂದುಕೊಂಡೆ. ನಿನಗೆ ಫೋನು ಮಾಡಬೇಕು ಅಂತ ಎರಡು ಸಲ ಹೊರಟು, ಮತ್ತೆ ಜಗಳವಾಗುತ್ತದೆ ಅಂತ ಬಿಟ್ಟೆ. ಸೊಸೆ ಖುಷಿಯಿಂದ ತೋಳು ಮಡಚಿಕೊಂಡು ಈಚೆಗೆ ಬಂದಳು.

ನಿನ್ನ ಮೂರನೆಯ ಲ್ಯಾಬಿನವರು ಅಚ್ಚುಕಟ್ಟಾಗಿಯೇ ಮಾಡಿದ್ದಾರೆ. ನನ್ನದು ಹತ್ತೊಂಬತ್ತು. ಸೊಸೆಯದು ಹದಿನೆಂಟು. ಉಳಿದವರದೂ ಅಲ್ಲಲ್ಲೇ. ಒಳಗಿನವರಿಗೂ ಹೊರಗಿನವರಿಗೂ ವ್ಯತ್ಯಾಸವಿಲ್ಲ, ಕೋಣೆಯಿಂದ ತೊಂದರೆಯಿಲ್ಲ ಅಂತ ಬರೆದು, ಗಾಜು ಹಾಕಿಸಿ ಗ್ಯಾಸ್ ಕೋಣೆಯ ಬಾಗಿಲ ಪಕ್ಕದಲ್ಲೇ ತೂಗುಹಾಕಿದ್ದಾರೆ. ಕೆಳಗೆ ನಿನ್ನ ಕಾಗದದ ತಾರೀಕೂ ಇದೆ, ನಿನ್ನ ಸಲಹೆಯಂತೆ ಅಂತ.

'ಮಾಡಿರದ' ಅಂತ ಬರೆಯಬೇಕಿತ್ತು, ಮಗಳೇ. ಎಂದೂ ಕೆಲಸ ಮಾಡಿರದ ಹೆಂಗಸರು. ಡಕ್ಕೆ ಒಂದು ಗುಡಿಸು, ಅದರ ಮುಂದೆ ಒಂದು ರ. ಅಷ್ಟೇ ಬೇಕಿದ್ದದ್ದು. ನಿನಗೆ ಆ ಕೋಣೆಯೂ ಗೊತ್ತು, ಅದರಿಂದ ಯಾರು ಯಾವಾಗ ಈಚೆಗೆ ಬಂದರು ಅನ್ನುವುದನ್ನೂ ನಾನೇ ಮೇ ತಿಂಗಳಿನಲ್ಲಿ ಬರೆದಿದ್ದೆ. ಗಾಜಿನ ಮೇಲೆ ಹೆಸರಿಲ್ಲದೆ ನೋಡಿ ನೋಡಿ, ಹೆಸರಿರುವವರೂ ನಿನಗೆ ಕಾಣದೆ ಹೋದರೇನೋ. ನಾನೂ ಅವತ್ತು ಗಟ್ಟಿಯಾಗಿ ಬಾಯಿ ಬಿಡಲಿಲ್ಲ. ಅದು ನನ್ನ ಪಾಲು, ನಾನು ಅನುಭವಿಸುತ್ತೇನೆ.

ನಿನ್ನ ಅಣ್ಣ ವರದಿಯನ್ನು ಫೋನಿನಲ್ಲಿ ಹಿಡಿದುಕೊಂಡು ಬಂದು ಎಲ್ಲರಿಗೂ ತೋರಿಸಿದ. ಅದೇ ವಾರ ಸೊಸೆಯ ಡಾಕ್ಟರು ಭಾರ ಎತ್ತಬಾರದು ಅಂದರು. ಬಟ್ಟೆಯ ಗಂಟುಗಳು ಎಷ್ಟು ಭಾರ ನಿನಗೆ ಗೊತ್ತು. ಸಿಸ್ಟರ್ ತಾವಾಗಿಯೇ ಕರೆದು, "ನೀನು ಒಳಗೇ ಬಾಮ್ಮ, ಬಾಗಿಲು ತೆಗೆದು ಹಾಕೋದು ಹಗುರ ಕೆಲಸ. ಅತ್ತೆ ಟೇಬಲ್ಲಿಗೆ ಬರಲಿ" ಅಂದರು. ಕರುಣೆಯಿಂದಲೇ ಅಂದರು. ಯಾರ ಮೇಲೂ ಸಿಟ್ಟಾಗುವುದಕ್ಕೆ ಜಾಗವಿಲ್ಲ.

ನಾನು ಬೇಡ ಅಂದೆ. ಮನೆಯಲ್ಲಿ ಕೂಗಾಡಿದೆ. ಕೆಲಸವೇ ಬಿಟ್ಟುಬಿಡು, ನಾನು ದುಡಿದು ಹಾಕುತ್ತೇನೆ ಅಂದೆ. ಅವಳು ಸಮಾಧಾನವಾಗಿಯೇ ಕೇಳಿಸಿಕೊಂಡು, "ಅತ್ತೆ, ಮೂರು ಲ್ಯಾಬಿಗೆ ಹೋಗಿ ಬಂದಿದೆ. ಕೊನೇದಕ್ಕೆ ನನ್ನ ರಕ್ತಾನೂ ಹೋಗಿದೆ. ಇನ್ನೂ ಯಾವ ಲ್ಯಾಬು ಹೇಳ್ಬೇಕು ನಿಮಗೆ?" ಅಂದಳು. ನಿನ್ನ ಅಣ್ಣ, "ಅಮ್ಮಂಗೆ ಹೆದರಿಸೋದು ಒಂದು ಚಟ ಆಗಿದೆ, ಬಿಡೇ" ಅಂದ. ಇಳಿದಿಲ್ಲ, ಬದಲಾದದ್ದು ಅಳತೆ, ಪಕ್ಕ ಇಟ್ಟು ನೋಡಬೇಕು ಅಂತ ನೀನು ಬರೆದದ್ದನ್ನೆಲ್ಲ ನನಗೆ ತಿಳಿದ ಹಾಗೆ ಹೇಳಿದೆ. ನನ್ನ ಬಾಯಲ್ಲಿ ಅದು ಮುದುಕಿಯ ಗೊಣಗಾಟದ ಹಾಗೆ ಕೇಳಿಸಿತು. ನೀನಾದರೂ ಬಂದು ಹೇಳಬಹುದಿತ್ತು. ಈಗ ಬಂದರೆ, ಸಲಹೆ ಕೊಟ್ಟವಳು ನೀನೇ ಅಲ್ಲವೇ ಅಂತ ಕೇಳುತ್ತಾರೆ.

ದೇವರ ಮುಂದೆ ಕೂತರೆ ಏನು ಬೇಡಬೇಕು ಅಂತ ತೋಚುತ್ತಿಲ್ಲ. ಸಂಖ್ಯೆ ಇಳಿಯಲಿ ಅಂತ ಇನ್ನು ಬೇಡಲಾರೆ. ಸುಮ್ಮನೆ ಕೂತು ಎದ್ದು ಬರುತ್ತೇನೆ.

ನಿನ್ನೆ ಬೆಳಿಗ್ಗೆ ಅವಳು ಮತ್ತೆ ಒಳಗೆ ಹೋದಳು. ಹೊಟ್ಟೆ ಮುಂದೆ ಬಂದಿರುವುದರಿಂದ ಗೌನಿನ ದಾರ ಬೆನ್ನ ಹಿಂದೆ ಅವಳ ಕೈಗೆ ಸಿಗುವುದಿಲ್ಲ. "ಅತ್ತೆ, ಕಟ್ಟಿ" ಅಂತ ನನ್ನ ಮುಂದೆ ತಿರುಗಿ ನಿಂತಳು. ಕಟ್ಟಿದೆ. "ಬಿಗಿ ಆಯ್ತು, ಮಗೂಗೆ ಒತ್ತುತ್ತೆ" ಅಂದಳು. ಬಿಚ್ಚಿ, ಸಡಿಲವಾಗಿ ಕಟ್ಟಿಕೊಟ್ಟೆ.

ಅಮ್ಮ